ನ್ಯಾಯಾಧೀಶರು ಬರೆಯದ ಶಿಕ್ಷೆ

ಕ್ರಿಮಿನಲ್ ಪ್ರಕರಣ ನಡೆಸುವ ವಕೀಲರಿಗೆ ಕೇಳಿ ಕೇಳಿ ಬೇಸರ ಬಂದಿರುವ ಪ್ರಶ್ನೆಯೊಂದಿದೆ: "ಜೈಲಿನಲ್ಲಿ ಚೆನ್ನಾಗಿ ನೋಡಿಕೊಂಡರೆ ಅದು ಶಿಕ್ಷೆ ಹೇಗಾಗುತ್ತದೆ ಸ್ವಾಮಿ?" ಈ ಪ್ರಶ್ನೆಗೆ ಅಧಿಕಾರದಲ್ಲಿದ್ದುಕೊಂಡೇ ಉತ್ತರಿಸಿದವರು ಸ್ಪೇನಿನ ವಕೀಲೆ ವಿಕ್ಟೋರಿಯಾ ಕೆಂಟ್.

1931ರ ಏಪ್ರಿಲ್‌ನಲ್ಲಿ ಅರಸೊತ್ತಿಗೆ ಹೋಗಿ ಗಣರಾಜ್ಯ ಬಂದಾಗ, ಎಡಪಂಥೀಯ ರಾಡಿಕಲ್ ಸೋಷಲಿಸ್ಟ್ ರಿಪಬ್ಲಿಕನ್ ಪಕ್ಷದ ಕೆಂಟ್ ಇಡೀ ದೇಶದ ಕಾರಾಗೃಹಗಳ ಮಹಾನಿರ್ದೇಶಕಿಯಾದರು. (ಅದೇ ವರ್ಷ ಸಂಸತ್ತಿನಲ್ಲಿ ಮಹಿಳೆಯರ ಮತದಾನದ ಹಕ್ಕನ್ನು ಸದ್ಯಕ್ಕೆ ಮುಂದೂಡಬೇಕೆಂದು ವಾದಿಸಿದವರೂ ಇವರೇ, ಅದನ್ನು ನಾನು ಸಮರ್ಥಿಸಲಾರೆ.) ಅವರು ಊಟದ ಮಟ್ಟವನ್ನು ಸುಧಾರಿಸಿದರು, ಕಡ್ಡಾಯವಾಗಿದ್ದ ಧಾರ್ಮಿಕ ಪೂಜೆಯನ್ನು ಕೈದಿಗಳ ಇಚ್ಛೆಗೆ ಬಿಟ್ಟರು, ವಾಸಕ್ಕೆ ಯೋಗ್ಯವಲ್ಲದ ನೂರಕ್ಕೂ ಹೆಚ್ಚು ಸಣ್ಣ ಜೈಲುಗಳನ್ನು ಮುಚ್ಚಿಸಿದರು. ಕೈದಿಗಳ ಬೇಡಿ, ಸರಪಳಿಗಳನ್ನು ತೆಗೆಸಿ, ಆ ಲೋಹವನ್ನೇ ಕರಗಿಸಿ, ಹಿಂದಿನ ಶತಮಾನದ ಜೈಲು ಸುಧಾರಕಿ ಕಾನ್ಸೆಪ್ಸಿಯೋನ್ ಅರೆನಾಲ್ ಅವರ ಪ್ರತಿಮೆಗೆ ಬಳಸಲು ಆದೇಶಿಸಿದರು.

ನನ್ನ ಕಕ್ಷಿದಾರರಿಗೆ ಅರ್ಥವಾಗದೆ ಉಳಿಯುವುದು ಇಲ್ಲಿಯೇ. ಕೆಂಟ್ ಅವರ ಈ ಸುಧಾರಣೆಗಳು ಯಾರ ಶಿಕ್ಷೆಯ ಅವಧಿಯನ್ನೂ ಕಡಿತ ಮಾಡಲಿಲ್ಲ. ಯಾವ ತೀರ್ಪನ್ನಾದರೂ ತೆಗೆದು ಕೊನೆಯ ಪುಟ ಓದಿ: ಇಷ್ಟು ವರ್ಷ ಕಾರಾವಾಸ ಎಂದಿರುತ್ತದೆಯೇ ಹೊರತು ಹಳಸಿದ ಅನ್ನ, ಚಿಕಿತ್ಸೆಯಿಲ್ಲದ ಜ್ವರ, ಕಾಲಿಗೆ ಬೇಡಿ ಎಂದು ಇರುವುದಿಲ್ಲ. ನ್ಯಾಯಾಲಯ ಕಸಿಯುವುದು ಸ್ವಾತಂತ್ರ್ಯವನ್ನು. ಅದರ ಮೇಲೆ ಜೈಲಿನವರು ಸೇರಿಸುವುದೆಲ್ಲ ಯಾರೂ ವಿಧಿಸದ ಶಿಕ್ಷೆ. ಶಿಸ್ತು ಮುರಿದವರ ಮೇಲೆ ನಿಯಮಾನುಸಾರ ಕ್ರಮ ಕೈಗೊಳ್ಳಬಹುದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಅದೂ ನಿಯಮಾನುಸಾರವೇ ಇರಬೇಕು. ಹಿರಿಯರೊಬ್ಬರು ಮಗನ ಬಗ್ಗೆ, "ಒಳಗೆ ಒದ್ದಾಡಲಿ ಬಿಡಿ, ಬುದ್ಧಿ ಬರುತ್ತದೆ" ಎಂದು ನನ್ನೆದುರೇ ಹೇಳಿದ್ದರು. ಮಗನಿಗೆ ಮಧುಮೇಹದ ಮಾತ್ರೆ ತಲುಪುತ್ತಿಲ್ಲವೆಂದು ತಿಳಿದ ದಿನ, ಬೆಳಿಗ್ಗೆ ನಾನು ಕಚೇರಿಯ ಬಾಗಿಲು ತೆಗೆಯುವ ಮೊದಲೇ ಅದೇ ಹಿರಿಯರು ಮೆಟ್ಟಿಲ ಮೇಲೆ ಕುಳಿತಿದ್ದರು. ಪಾಪ, ತಂದೆಯಲ್ಲವೇ.

ಕೆಂಟ್ ಅವರಿಗೂ ಮೆದು ಧೋರಣೆಯವರೆಂಬ ಆಪಾದನೆ ತಪ್ಪಲಿಲ್ಲ. ಇಲಾಖೆಯ ಒಳಗಿನ ವಿರೋಧ ಗಟ್ಟಿಯಾಗಿ, ಸರ್ಕಾರದ ಬೆಂಬಲ ಸಡಿಲವಾಗಿ, 1932ರಲ್ಲಿ ಅವರು ಹುದ್ದೆಯಿಂದ ಇಳಿದರು. ಅವರು ಯೋಜಿಸಿದ್ದ ಮ್ಯಾಡ್ರಿಡ್‌ನ ವೆಂಟಾಸ್ ಮಹಿಳಾ ಕಾರಾಗೃಹ 1933ರಲ್ಲಿ ತೆರೆಯಿತು. ಗಾಳಿ ಬೆಳಕಿನ ಕೋಣೆಗಳಿದ್ದ, ಕೆಲವು ನೂರು ಮಹಿಳೆಯರಿಗೆಂದು ಕಟ್ಟಿದ ಆ ಕಟ್ಟಡದಲ್ಲಿ 1939ರ ನಂತರ, ಅಂತರ್ಯುದ್ಧದಲ್ಲಿ ಗಣರಾಜ್ಯವನ್ನು ಸೋಲಿಸಿದ ಸರ್ವಾಧಿಕಾರಿ ಫ್ರಾಂಕೋನ ಆಡಳಿತ ಸಾವಿರಾರು ಮಹಿಳೆಯರನ್ನು ತುಂಬಿತು. ಗೋಡೆಗಳು ಅವೇ ಇದ್ದವು, ಬೀಗದ ಕೈ ಹಿಡಿದವರು ಬೇರೆಯಾಗಿದ್ದರು.

ಆದ್ದರಿಂದ ನನ್ನ ದೃಷ್ಟಿಯಲ್ಲಿ ಕೆಂಟ್ ಅವರ ಮುಖ್ಯ ಕೆಲಸವೆಂದರೆ ಬೇಡಿ ಕರಗಿಸಿದ್ದಲ್ಲ, ಮಹಿಳಾ ಜೈಲುಗಳಿಗೆ ಕ್ರೈಸ್ತ ಸನ್ಯಾಸಿನಿಯರ ಬದಲು ಮಹಿಳಾ ಸಿಬ್ಬಂದಿ ವರ್ಗವನ್ನೇ ರಚಿಸಿದ್ದು. ಅಂತರ್ಯುದ್ಧದ ನಂತರ ಪ್ಯಾರಿಸ್‌ನಲ್ಲಿ ತಲೆಮರೆಸಿಕೊಂಡು ಬದುಕಿ, ಮೆಕ್ಸಿಕೋ ಸೇರಿದಾಗಲೂ ಅವರು ಕೈಹಾಕಿದ್ದು ಜೈಲು ಸಿಬ್ಬಂದಿಯ ತರಬೇತಿಗೇ.