ಹೆಸರು ಬಿಟ್ಟರೂ ಉಳಿಯುವ ಗುರುತು: ಜನಸಾಮಾನ್ಯರ ಸುದ್ದಿ ಮತ್ತು ಖಾಸಗಿತನ (ಅಧ್ಯಯನ ಟಿಪ್ಪಣಿ)

ನಮ್ಮ ಪಠ್ಯದಲ್ಲಿ ನಾಗರಿಕ ಪತ್ರಿಕೋದ್ಯಮ, ಅಂದರೆ ಜನಸಾಮಾನ್ಯರೇ ಸುದ್ದಿ ಮಾಡುವುದು, ಒಂದು ಘಟಕ, ಖಾಸಗಿತನದ ಹಕ್ಕು ಇನ್ನೊಂದು ಘಟಕ. ಎರಡನ್ನೂ ಬೇರೆ ಬೇರೆಯಾಗಿ ಓದಿಕೊಂಡು ಪರೀಕ್ಷೆಯನ್ನೇನೋ ಬರೆಯಬಹುದು. ಆದರೆ ದಾವಣಗೆರೆ, ಚಿತ್ರದುರ್ಗದ ಕಡೆ ನಿಜವಾಗಿಯೂ ಸುದ್ದಿ ಮಾಡಲು ಹೊರಟವರು ಇವೆರಡನ್ನೂ ಒಟ್ಟಿಗೇ ಓದಬೇಕು. ಬೆಂಗಳೂರಿನಲ್ಲಿ ‘ಒಬ್ಬ ಆಟೊ ಚಾಲಕ’ ಅಂತ ಬರೆದರೆ ಅದು ಯಾರು ಬೇಕಾದರೂ ಆಗಬಹುದು. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಹಾಕಿ ‘ಒಬ್ಬ ಆಟೊ ಚಾಲಕ’ ಅಂತ ಬರೆದರೆ ಅಲ್ಲಿನ ಅರಳಿಕಟ್ಟೆ ಮೇಲೆ ಕೂತವರು ನೇರವಾಗಿ ಮನೆಯನ್ನೇ ತೋರಿಸುತ್ತಾರೆ. ಈ ಟಿಪ್ಪಣಿಯ ಹೆಚ್ಚಿನ ಭಾಗ ಈ ಒಂದು ವಿಷಯಕ್ಕೇ ಮೀಸಲು. ಕಾನೂನನ್ನು ಅದಕ್ಕೆ ಬೇಕಾದಷ್ಟು ಮಾತ್ರ ತಂದಿದ್ದೇನೆ.

ಬರೆಯುವ ಹಕ್ಕು ಯಾರದು

ಪ್ರೆಸ್ ಕಾರ್ಡ್ ಇಲ್ಲದವರು ಸುದ್ದಿ ಪ್ರಕಟಿಸಬಹುದೇ? ಖಂಡಿತ ಪ್ರಕಟಿಸಬಹುದು. ನಮ್ಮ ಸಂವಿಧಾನದಲ್ಲಿ ಪತ್ರಿಕೆಗಳಿಗೆಂದೇ ಪ್ರತ್ಯೇಕ ಹಕ್ಕು ಬರೆದಿಲ್ಲ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಈ ಪ್ರಶ್ನೆ ಎದ್ದಾಗ ಅಂಬೇಡ್ಕರ್ ಕೊಟ್ಟ ಉತ್ತರದ ಸಾರ ಇಷ್ಟು: ಪತ್ರಿಕೆ ಅಂದರೂ ಒಬ್ಬ ನಾಗರಿಕನೇ, ನಾಗರಿಕನಿಗೆ ಇಲ್ಲದ ವಿಶೇಷ ಹಕ್ಕು ಯಾವುದೂ ಅದಕ್ಕಿಲ್ಲ. ವಾಕ್ ಸ್ವಾತಂತ್ರ್ಯ ಕೊಡುವ 19(1)(ಎ) ವಿಧಿ ದೊಡ್ಡ ಪತ್ರಿಕೆಯ ಸಂಪಾದಕರಿಗೆ ಹೇಗೋ, ಹರಿಹರದಲ್ಲಿ ನದಿ ದಂಡೆ ಮೇಲೆ ನಿಂತು ಕೊಳಚೆ ನೀರನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸುವ ಹುಡುಗಿಗೂ ಹಾಗೆಯೇ. ಮಾನಹಾನಿ, ನ್ಯಾಯಾಂಗ ನಿಂದನೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ 19(2)ರ ನಿರ್ಬಂಧಗಳೂ ಇಬ್ಬರಿಗೂ ಸಮಾನ. ಆನ್‌ಲೈನ್‌ನಲ್ಲಿ ಬರೆದದ್ದಕ್ಕೆ ಜನರನ್ನು ಬಂಧಿಸಲು ಬಳಕೆಯಾಗುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಮಾಡಿತು.

ಇತಿಹಾಸದ ಪ್ರಶ್ನೆ ಬಂದರೆ ಎರಡು ಉದಾಹರಣೆ ಸಾಕು. ದಕ್ಷಿಣ ಕೊರಿಯಾದ ಓಮೈನ್ಯೂಸ್ 2000ರ ಫೆಬ್ರುವರಿ 22ರಂದು 727 ನಾಗರಿಕ ವರದಿಗಾರರೊಂದಿಗೆ ಶುರುವಾಯಿತು. ‘ಪ್ರತಿಯೊಬ್ಬ ನಾಗರಿಕನೂ ವರದಿಗಾರ’ ಎಂಬುದು ಅದರ ಘೋಷಣೆ. ನಮ್ಮ ದೇಶದಲ್ಲಿ 2010ರಲ್ಲಿ ಶುಭ್ರಾಂಶು ಚೌಧರಿ ಕಟ್ಟಿದ ಸಿಜಿನೆಟ್ ಸ್ವರ ಇದೆ. ಛತ್ತೀಸಗಢದ ಆದಿವಾಸಿಗಳು ಸಾಮಾನ್ಯ ಮೊಬೈಲ್‌ನಿಂದ ಕರೆ ಮಾಡಿ ತಮ್ಮೂರಿನ ಸುದ್ದಿಯನ್ನು ತಮ್ಮ ಮಾತಿನಲ್ಲೇ ಹೇಳುವ ವ್ಯವಸ್ಥೆ ಅದು. ಇವೆರಡರಲ್ಲೂ ಬಂದ ಸುದ್ದಿಯನ್ನು ಪರಿಶೀಲಿಸಿ ಆಮೇಲೆ ಹೊರಬಿಡುವವರು ಒಬ್ಬರಿದ್ದರು ಅನ್ನುವುದನ್ನು ಗುರುತು ಹಾಕಿಕೊಳ್ಳಿ. ಇಂದು ನಾವು ವಾಟ್ಸಾಪ್ ಗ್ರೂಪಿಗೆ, ಯೂಟ್ಯೂಬಿಗೆ ಹಾಕುವ ಸುದ್ದಿಗೆ ಅಂಥ ಡೆಸ್ಕ್ ಇಲ್ಲ. ಯಾವ ಹೆಸರನ್ನು ಬಿಡಬೇಕು, ಯಾವ ಮುಖವನ್ನು ಮರೆಮಾಡಬೇಕು ಅಂತ ಹಿಂದೆ ನಾಲ್ಕು ಜನ ಕೂತು ಯೋಚಿಸುತ್ತಿದ್ದ ಕೆಲಸ ಈಗ ಒಬ್ಬರ ತಲೆ ಮೇಲೆ ಬಂದಿದೆ.

ಖಾಸಗಿತನ: ಎರಡು ತೀರ್ಪು

ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು, 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಅವಿಭಾಜ್ಯ ಅಂಗ ಅಂತ ಒಮ್ಮತದಿಂದ ಹೇಳಿತು.

ಸುದ್ದಿ ಬರೆಯುವವರಿಗೆ ಇದಕ್ಕಿಂತ ಹತ್ತಿರದ್ದು 1994ರ ಆರ್. ರಾಜಗೋಪಾಲ್ ಪ್ರಕರಣ ಅಂತ ನನ್ನ ಅಭಿಪ್ರಾಯ. ಒಬ್ಬ ವ್ಯಕ್ತಿಯ ಸಂಸಾರ, ಮದುವೆ, ತಾಯ್ತನ, ಶಿಕ್ಷಣ ಮುಂತಾದ ವಿಷಯಗಳನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ ಎಂದಿತು ಕೋರ್ಟ್. ಬರೆದದ್ದು ನಿಜವೋ ಸುಳ್ಳೋ, ಹೊಗಳಿಕೆಯೋ ಟೀಕೆಯೋ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ‘ನಿಜಾನೇ ತಾನೇ ಬರೆದಿದ್ದು?’ ಅಂತ ಗೆಳೆಯರು ಚರ್ಚೆಯಲ್ಲಿ ಕೇಳುತ್ತಿರುತ್ತಾರೆ. ನಿಜ ಅನ್ನುವುದು ಮಾನಹಾನಿಯ ವಿಷಯದಲ್ಲಿ ನೆರವಿಗೆ ಬರಬಹುದು, ಖಾಸಗಿತನದ ವಿಷಯದಲ್ಲಿ ಅದೊಂದೇ ಸಾಲದು. ಇದಕ್ಕೆ ವಿನಾಯಿತಿಗಳಿವೆ: ಸಾರ್ವಜನಿಕ ದಾಖಲೆಯಲ್ಲಿರುವ ಸಂಗತಿ (ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು ಇದರಲ್ಲಿ ಸೇರುವುದಿಲ್ಲ) ಮತ್ತು ಸರ್ಕಾರಿ ಅಧಿಕಾರಿಗಳ ಕರ್ತವ್ಯಕ್ಕೆ ಸಂಬಂಧಿಸಿದ ನಡವಳಿಕೆ. ನಿಮ್ಮೂರಿನ ಪಿಡಿಒ ಆಗದ ರಸ್ತೆ ಕಾಮಗಾರಿಗೆ ಬಿಲ್ ಮಾಡಿದ್ದರೆ ಧೈರ್ಯವಾಗಿ, ದಾಖಲೆ ಸಮೇತ ಬರೆಯಿರಿ. ಅವರ ಮನೆಯವರ ಕಾಯಿಲೆ, ಮಗಳ ಮದುವೆ ಮುರಿದ ಕಥೆ ಆ ಸುದ್ದಿಯಲ್ಲಿ ಒಂದು ಸಾಲೂ ಬರಬಾರದು.

ಹೆಸರಿಲ್ಲದ ಗುರುತು

ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ ಅಂತ ಇಟ್ಟುಕೊಳ್ಳಿ. ಅಲ್ಲಿನ ಉಪಕೇಂದ್ರಕ್ಕೆ ಮೂರು ತಿಂಗಳಿಂದ ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆ ಬಂದಿಲ್ಲ. ಒಳ್ಳೆಯ ಸುದ್ದಿ, ಬರೆಯಲೇಬೇಕಾದ ಸುದ್ದಿ. ನಾವು ಊರಿನ ಹೆಸರು ಹಾಕಿ, ಕೊನೆಗೆ ‘ಹೆಸರು ಹೇಳಲಿಚ್ಛಿಸದ ಆಶಾ ಕಾರ್ಯಕರ್ತೆಯೊಬ್ಬರು ತಿಳಿಸಿದರು’ ಅಂತ ಸೇರಿಸುತ್ತೇವೆ. ಗ್ರಾಮೀಣ ಭಾಗದಲ್ಲಿ ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಕಾರ್ಯಕರ್ತೆ ಅನ್ನುವುದು ನಿಯಮ. ಆ ಹಳ್ಳಿಯಲ್ಲಿ ಇರುವುದೇ ಒಬ್ಬರು. ಹೆಸರು ಬಿಟ್ಟೆವು ಅಂತ ನಾವು ನೆಮ್ಮದಿಯಾಗಿರುತ್ತೇವೆ, ಮರುದಿನ ಬೆಳಿಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಅವರಿಗೆ ಫೋನ್ ಹೋಗುತ್ತದೆ.

ಆದ್ದರಿಂದ ಹೆಸರು ಮುಚ್ಚುವ ಮೊದಲು ಎಣಿಸಿ: ನಾವು ಕೊಟ್ಟ ವಿವರಗಳೆಲ್ಲ ಎಷ್ಟು ಜನಕ್ಕೆ ಹೊಂದುತ್ತವೆ? ಊರು, ಕೆಲಸ, ವಯಸ್ಸು, ಜಾತಿ, ಎಷ್ಟು ಮಕ್ಕಳು, ಯಾವ ಬೀದಿ. ಒಂದೊಂದಾಗಿ ನೋಡಿದರೆ ಯಾವುದರಿಂದಲೂ ಅಪಾಯ ಕಾಣುವುದಿಲ್ಲ. ಎರಡೋ ಮೂರೋ ಒಟ್ಟಿಗೆ ಸೇರಿದರೆ ಒಬ್ಬರೇ ಉಳಿಯುತ್ತಾರೆ. ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಹುಟ್ಟಿದ ದಿನಾಂಕ, ಲಿಂಗ, ಅಂಚೆಯ ಪಿನ್ ಸಂಖ್ಯೆ, ಈ ಮೂರರಿಂದಲೇ ಆ ದೇಶದ ಶೇ 87ರಷ್ಟು ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದು ಅಂತ 2000ದ ಅವರ ಪ್ರಬಂಧ ಹೇಳುತ್ತದೆ. ಅದಕ್ಕೂ ಮೊದಲು, ಹೆಸರು ತೆಗೆದು ಬಿಡುಗಡೆ ಮಾಡಿದ್ದ ಆಸ್ಪತ್ರೆ ಮಾಹಿತಿಯನ್ನು ಮತದಾರರ ಪಟ್ಟಿಯ ಜೊತೆ ಹೋಲಿಸಿ ಮ್ಯಾಸಚೂಸೆಟ್ಸ್ ರಾಜ್ಯಪಾಲರದೇ ವೈದ್ಯಕೀಯ ದಾಖಲೆಯನ್ನು ಅವರು ಹುಡುಕಿ ತೆಗೆದಿದ್ದರು. ಹಳ್ಳಿಯಲ್ಲಿ ಇಷ್ಟು ಲೆಕ್ಕಾಚಾರವೂ ಬೇಕಾಗಿಲ್ಲ, ಯಾರ ಮನೆಯಲ್ಲಿ ಏನು ಅಂತ ಜನರಿಗೆ ಬಾಯಲ್ಲೇ ಇರುತ್ತದೆ.

ದಾಖಲೆಗಳ ವಿಷಯದಲ್ಲೂ ಇದೇ ಎಣಿಕೆ. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ರಹಸ್ಯ ವರದಿಯೊಂದು ಸುದ್ದಿಸಂಸ್ಥೆಗೆ ಅಂಚೆಯಲ್ಲಿ ಹೋಯಿತು. ಖಚಿತಪಡಿಸಿಕೊಳ್ಳಲು ಆ ಸಂಸ್ಥೆಯವರು ಪ್ರತಿಯನ್ನು ಸರ್ಕಾರಕ್ಕೇ ತೋರಿಸಿದರು. ಕಾಗದದ ಮಡಿಕೆಯಿಂದ ಅದು ಪ್ರಿಂಟ್ ತೆಗೆದ ಪ್ರತಿ ಅಂತ ಗೊತ್ತಾಯಿತು. ಪ್ರಿಂಟ್ ತೆಗೆದವರು ಆರೇ ಮಂದಿ, ಅವರಲ್ಲಿ ಆಫೀಸಿನ ಕಂಪ್ಯೂಟರಿನಿಂದ ಆ ಸುದ್ದಿಸಂಸ್ಥೆಗೆ ಇಮೇಲ್ ಮಾಡಿದ್ದವರು ಒಬ್ಬರೇ. ರಿಯಾಲಿಟಿ ವಿನ್ನರ್ ಎಂಬ ಆ ಮಹಿಳೆಗೆ 2018ರಲ್ಲಿ 5 ವರ್ಷ 3 ತಿಂಗಳ ಜೈಲು ಶಿಕ್ಷೆಯಾಯಿತು. ತಾಲ್ಲೂಕು ಕಚೇರಿಯ ಕಡತವೊಂದರ ಫೋಟೊ ನಿಮ್ಮ ಕೈಗೆ ಬಂದರೆ, ಆ ಕಡತ ಎಷ್ಟು ಮೇಜುಗಳನ್ನು ದಾಟಿದೆ ಅಂತ ಮೊದಲು ಯೋಚಿಸಿ. ಫೋಟೊದ ಮೂಲೆಯಲ್ಲಿ ಕಾಣುವ ಮೇಜಿನ ಗಾಜು, ಅಂಚಿನಲ್ಲಿರುವ ಕೈಬರಹ, ಹಾಳೆ ಮಡಿಸಿದ ರೀತಿ ಎಲ್ಲವೂ ಕೊಟ್ಟವರನ್ನೇ ತೋರಿಸುತ್ತವೆ. ನಮ್ಮಲ್ಲಿ ಸುದ್ದಿಮೂಲಕ್ಕೆ ಕಾನೂನಿನ ಗಟ್ಟಿ ಆಸರೆಯೂ ಇಲ್ಲ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 15(2) ಕಲಂ ಪ್ರಕಾರ ಕೌನ್ಸಿಲ್ ಸುದ್ದಿಮೂಲ ಹೇಳುವಂತೆ ಪತ್ರಕರ್ತರನ್ನು ಒತ್ತಾಯಿಸುವಂತಿಲ್ಲ, ಆದರೆ ಕೋರ್ಟಿಗೆ ಆ ಕಲಂ ಅನ್ವಯಿಸುವುದಿಲ್ಲ.

ಹಾಗಾದರೆ ಮಾತ್ರೆಯ ಸುದ್ದಿ ಬರೆಯುವುದು ಹೇಗೆ? ಆಶಾ ಕಾರ್ಯಕರ್ತೆಯ ಮಾತನ್ನು ಸುಳಿವು ಅಂತ ಮಾತ್ರ ಇಟ್ಟುಕೊಂಡು ಸುದ್ದಿಯನ್ನು ಬೇರೆ ಆಧಾರದ ಮೇಲೆ ನಿಲ್ಲಿಸಬೇಕು. ಅಕ್ಕಪಕ್ಕದ ನಾಲ್ಕಾರು ಹಳ್ಳಿಗಳ ಗರ್ಭಿಣಿಯರನ್ನು, ಅವರ ಮನೆಯವರನ್ನು ಕೇಳಿ. ತಾಯಿ ಕಾರ್ಡಿನಲ್ಲಿ ಏನು ನಮೂದಾಗಿದೆ ನೋಡಿ. ಔಷಧ ದಾಸ್ತಾನಿನ ವಿವರಕ್ಕೆ ಆರ್‌ಟಿಐ ಅರ್ಜಿ ಹಾಕಿ. ತಾಲ್ಲೂಕು ಆರೋಗ್ಯಾಧಿಕಾರಿಯ ಪ್ರತಿಕ್ರಿಯೆ ಪಡೆಯಿರಿ. ಆಗ ‘ತಾಲ್ಲೂಕಿನ ಹಲವು ಹಳ್ಳಿಗಳಲ್ಲಿ’ ಅಂತ ಬರೆಯಬಹುದು, ಸುದ್ದಿಯೂ ದೊಡ್ಡದಾಗುತ್ತದೆ, ಆ ಅಕ್ಕ ಅದರಲ್ಲಿ ಎಲ್ಲೂ ಕಾಣುವುದಿಲ್ಲ. ಪ್ರಕಟಿಸುವ ಮುಂಚೆ ಅವರಿಗೆ ಫೋನ್ ಮಾಡಿ ಅವರಿಗೆ ಸಂಬಂಧಿಸಿದ ಸಾಲುಗಳನ್ನು ಓದಿ ಹೇಳಿ: ‘ಅಕ್ಕಾ, ಇದನ್ನ ಓದಿದ್ರೆ ನೀವೇ ಹೇಳಿದ್ದು ಅಂತ ಊರಲ್ಲಿ ಯಾರಿಗಾದ್ರೂ ಗೊತ್ತಾಗುತ್ತಾ?’ ತಮ್ಮೂರು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ಕಾನೂನು ಇದನ್ನು ಒಪ್ಪಿರುವ ಕಡೆ

ಮಕ್ಕಳ ವಿಷಯದಲ್ಲಿ ಕಾನೂನು ಹೆಸರಿಗೆ ಮಾತ್ರ ನಿಲ್ಲುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ಮಗುವಿನ ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಬಿಟ್ಟುಕೊಡುವ ಬೇರೆ ಯಾವುದೇ ಸಂಗತಿ ಅಂತ ಒಂದೊಂದನ್ನೂ ಹೇಳಿ ನಿಷೇಧಿಸಿದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಕೂಡ ಇದೇ ಬಗೆಯದು. ಬಾಲ್ಯವಿವಾಹ ತಡೆದ ಸುದ್ದಿ ನಮ್ಮ ಕಡೆ ಆಗಾಗ ಬರುತ್ತದೆ. ಅಧಿಕಾರಿಗಳನ್ನು ಮೆಚ್ಚುವ ಭರದಲ್ಲಿ ಹಳ್ಳಿಯ ಹೆಸರು, ‘ಒಂಬತ್ತನೇ ತರಗತಿಯ ವಿದ್ಯಾರ್ಥಿನಿ’, ಮಂಟಪದ ಫೋಟೊ ಮೂರನ್ನೂ ಹಾಕಿದರೆ ಆ ಹುಡುಗಿ ಸೋಮವಾರ ಶಾಲೆಗೆ ಹೇಗೆ ಹೋಗಬೇಕು?

ಅತ್ಯಾಚಾರಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದು ಹಿಂದೆ ಐಪಿಸಿ 228ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. 2 ವರ್ಷದವರೆಗೆ ಜೈಲು. 2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಪೆನ್‌ಡ್ರೈವ್‌ಗಳ ಮೂಲಕ ಹೆಣ್ಣುಮಕ್ಕಳ ವಿಡಿಯೊಗಳು ಮುಖವನ್ನೂ ಮರೆಮಾಡದೆ ಹರಡಿದ್ದು ನೆನಪಿರಬಹುದು. ಹಂಚುವುದೂ ಅಪರಾಧ ಅಂತ ವಿಶೇಷ ತನಿಖಾ ತಂಡವೇ ಎಚ್ಚರಿಸಬೇಕಾಯಿತು. ಆರೋಪಿಯ ಕೃತ್ಯವನ್ನು ಬಯಲಿಗೆಳೆಯುವ ಹೆಸರಿನಲ್ಲಿ ನೊಂದವರ ಮುಖವನ್ನು ಊರೂರಿಗೆ ತೋರಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಫೋಟೊ, ವಿಡಿಯೊ, ದನಿ

ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ, ತೆಗೆದ ಜಾಗದ ಅಕ್ಷಾಂಶ ರೇಖಾಂಶ ಫೋಟೊ ಫೈಲ್‌ನೊಳಗೇ ಸೇರಿಕೊಳ್ಳುತ್ತದೆ. 2012ರ ಡಿಸೆಂಬರ್‌ನಲ್ಲಿ ತಲೆಮರೆಸಿಕೊಂಡಿದ್ದ ಉದ್ಯಮಿ ಜಾನ್ ಮೆಕಾಫಿ ಗ್ವಾಟೆಮಾಲಾದಲ್ಲಿದ್ದಾರೆ ಅಂತ ಜಗತ್ತಿಗೆ ಗೊತ್ತಾದದ್ದು ಪತ್ರಿಕೆಯೊಂದು ಹಾಕಿದ ಫೋಟೊದಲ್ಲಿದ್ದ ಇಂಥ ಮಾಹಿತಿಯಿಂದ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಈ ಮಾಹಿತಿ ಕಳಚಿಹೋಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಹಾಗೆಯೇ ಹೋಗುತ್ತದೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲೇ ಅದನ್ನು ಆಫ್ ಮಾಡಿಡುವುದು ಒಳ್ಳೆಯದು.

ಸ್ಕ್ರೀನ್‌ಶಾಟ್‌ನಲ್ಲಿ ನಂಬರ್ ಮೇಲೆ ಹೈಲೈಟರ್ ಎಳೆದರೆ ಮುಚ್ಚಿದಂತಾಗುವುದಿಲ್ಲ, ಬ್ರೈಟ್‌ನೆಸ್ ಏರಿಸಿದರೆ ಅಂಕಿಗಳು ಕಾಣಬಹುದು. ತುಂಬು ಕಪ್ಪು ಚೌಕ ಹಾಕಿ, ಇಲ್ಲವೇ ಆ ಭಾಗವನ್ನೇ ಕತ್ತರಿಸಿ. ಆಧಾರ್ ಸಂಖ್ಯೆಯನ್ನಂತೂ ಬಹಿರಂಗವಾಗಿ ಪ್ರಕಟಿಸುವುದನ್ನು ಆಧಾರ್ ಕಾಯ್ದೆಯ 29(4) ಕಲಂ ನಿಷೇಧಿಸಿದೆ. ಫಲಾನುಭವಿಗಳ ಪಟ್ಟಿಯ ಫೋಟೊ ಹಾಕುವಾಗ ಇದನ್ನು ಗಮನಿಸಿ. ದನಿಯನ್ನು ಬರೀ ದಪ್ಪ ಅಥವಾ ತೆಳ್ಳಗೆ ಮಾಡಿದರೆ ಸಾಫ್ಟ್‌ವೇರ್‌ನಿಂದ ಮತ್ತೆ ಮೊದಲಿನಂತೆ ಮಾಡಬಹುದು. ಅದಿರಲಿ, ಮಾತಿನ ಧಾಟಿಯೇ ಸಾಕು, ಮೊಳಕಾಲ್ಮೂರಿನವರೋ ಹೊನ್ನಾಳಿಯವರೋ ಅಂತ ನಮ್ಮವರು ಹೇಳಿಬಿಡುತ್ತಾರೆ. ಅಪಾಯ ಇರುವ ಕಡೆ ಅವರ ಮಾತನ್ನು ಬೇರೆಯವರಿಂದ ಓದಿಸಿ.

ಮುಖ ಮತ್ತು ವಾಹನದ ಚಿತ್ರ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಘೋರ ಉದಾಹರಣೆ ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದ್ ಕಡೆಯ ಯುವಕರನ್ನು ಮಕ್ಕಳ ಕಳ್ಳರು ಅಂತ ಶಂಕಿಸಿ, ಅವರ ವಿಡಿಯೊಗಳನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅವರ ಕಾರು ಮುರ್ಕಿ ಗ್ರಾಮ ತಲುಪುವುದರೊಳಗೆ ಜನ ದಾರಿ ಅಡ್ಡಗಟ್ಟಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ವಿಡಿಯೊ ಹಾಕಿದವರೂ ‘ಊರಿಗೆ ಸುದ್ದಿ ಮುಟ್ಟಿಸುತ್ತಿದ್ದೇವೆ’ ಅಂತಲೇ ಅಂದುಕೊಂಡಿರಬೇಕು.

ಹೊಸ ದತ್ತಾಂಶ ಕಾಯ್ದೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಪರೀಕ್ಷೆಗೆ ಎರಡು ಅಂಶ ಮುಖ್ಯ. ಹಿಂದಿನ 2018 ಮತ್ತು 2019ರ ಕರಡುಗಳಲ್ಲಿ ಪತ್ರಿಕೋದ್ಯಮಕ್ಕಿದ್ದ ವಿನಾಯಿತಿ ಈ ಕಾಯ್ದೆಯಲ್ಲಿಲ್ಲ. ಜೊತೆಗೆ ಇದರ 44(3) ಕಲಂ ಆರ್‌ಟಿಐನ 8(1)(ಜೆ)ಯನ್ನು ತಿದ್ದಿ, ವೈಯಕ್ತಿಕ ಮಾಹಿತಿ ಅನ್ನುವ ಕಾರಣಕ್ಕೇ ನಿರಾಕರಿಸಲು ಅಧಿಕಾರಿಗಳಿಗೆ ದಾರಿ ಅಗಲಮಾಡಿದೆ. ಇದು ನನಗೆ ನಿಜಕ್ಕೂ ಆತಂಕದ ವಿಷಯ. ಬಡವರ ಖಾಸಗಿತನಕ್ಕೆ ಅಂತ ಕಟ್ಟಿದ ಬೇಲಿ ಕಾಮಗಾರಿ ಗುತ್ತಿಗೆದಾರರ ಪಟ್ಟಿಯನ್ನು ಮುಚ್ಚಲು ಬಳಕೆಯಾಗಬಾರದು.

ಪ್ರಕಟವಾದ ಮೇಲೆ

2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಆದೇಶ ಕೊಟ್ಟಿತು. ತಂದೆಯೊಬ್ಬರು, ತಮ್ಮ ಮಗಳ ಹೆಸರನ್ನು ಹುಡುಕಿದರೆ ಹಳೆಯ ಪ್ರಕರಣದ ಆದೇಶ ಇಂಟರ್‌ನೆಟ್‌ನಲ್ಲಿ ಸಿಗುತ್ತಿದೆ, ಇದರಿಂದ ಅವಳ ಬಾಳಿಗೆ ತೊಂದರೆ ಅಂತ ಕೋರಿದ್ದರು. ಹುಡುಕಾಟದಲ್ಲಿ ಹೆಸರು ಬಾರದಂತೆ ನೋಡಿಕೊಳ್ಳಲು ಕೋರ್ಟ್ ತನ್ನ ರಿಜಿಸ್ಟ್ರಿಗೆ ಸೂಚಿಸಿತು, ಆದರೆ ಆದೇಶದ ಪ್ರತಿಗೆ ಅರ್ಜಿ ಹಾಕಿದವರಿಗೆ ಅದರಲ್ಲಿ ಹೆಸರು ಇದ್ದೇ ಇರುತ್ತದೆ ಎಂದಿತು. ದಾಖಲೆಯನ್ನು ಅಳಿಸದೆ, ಅದು ಸುಲಭಕ್ಕೆ ಕೈಗೆ ಸಿಗದಂತೆ ಮಾಡಿದ ಈ ಮಧ್ಯದ ದಾರಿ ನಮಗೂ ಮಾದರಿಯಾಗಬಹುದು.

ಹಳೆಯ ಸುದ್ದಿಯಿಂದ ಹೆಸರು ತೆಗೆಯಿರಿ ಅಂತ ಯಾರಾದರೂ ಕೇಳಿದರೆ ಮೊದಲು ಅವರು ಯಾವ ಸ್ಥಾನದಲ್ಲಿದ್ದವರು ಅಂತ ನೋಡಿ. ಅಧಿಕಾರದಲ್ಲಿದ್ದು ಮಾಡಿದ ಕೆಲಸದ ಸುದ್ದಿಯಾದರೆ ಅದು ಉಳಿಯಬೇಕು. ಸುದ್ದಿಯಲ್ಲಿ ಸುಮ್ಮನೆ ಸಿಕ್ಕಿಕೊಂಡ ಸಾಮಾನ್ಯರಾದರೆ ಹೆಸರು ತೆಗೆದು, ತಿದ್ದಲಾಗಿದೆ ಅಂತ ಕೆಳಗೆ ಒಂದು ಸಾಲು ಹಾಕಿ, ಸುದ್ದಿಯನ್ನು ಉಳಿಸಿಕೊಳ್ಳಬಹುದು. ವಾಟ್ಸಾಪ್‌ನಲ್ಲಿ ‘ಎಲ್ಲರಿಗೂ ಅಳಿಸು’ ಆಯ್ಕೆ ಕಳಿಸಿದ ಮೇಲೆ ಸುಮಾರು 60 ಗಂಟೆ ಮಾತ್ರ ಇರುತ್ತದೆ, ಅಷ್ಟರಲ್ಲಿ ಬೇರೆ ಗ್ರೂಪುಗಳಿಗೆ ಫಾರ್ವರ್ಡ್ ಆಗಿದ್ದು ಅಳಿಯುವುದಿಲ್ಲ. ಯಾವ ಯಾವ ಗ್ರೂಪಿಗೆ ಹಾಕಿದ್ದೀರಿ ಅಂತ ಬರೆದಿಟ್ಟುಕೊಂಡಿದ್ದರೆ, ತಿದ್ದುಪಡಿಯನ್ನೂ ಅಷ್ಟೇ ಗ್ರೂಪುಗಳಿಗೆ ಕಳಿಸಿ, ಹಳೆಯದನ್ನು ತೆಗೆಯುವಂತೆ ಅಡ್ಮಿನ್‌ಗಳಿಗೆ ಫೋನ್ ಮಾಡಬಹುದು.