60 ಯಾಕೆ ‘ಅತಿಯಾದ’ ಸಂಖ್ಯೆಯಾಯ್ತು?

ಕೊಡಗಿನ ಕಾಫಿ ನರ್ಸರಿಯಲ್ಲಿ 60 ಸಸಿ ಚೀಲ ಜೋಡಿಸಬೇಕು ಅಂದುಕೊಳ್ಳಿ. 6 ಸಾಲಾದರೆ ಸಾಲಿಗೆ 10, 5 ಸಾಲಾದರೆ 12, ಜಾಗ ಕಿರಿದಾಗಿದ್ದರೆ 4 ಸಾಲಿನಲ್ಲಿ ಹದಿನೈದು ಹದಿನೈದು. ಒಂದು ಚೀಲ ಜಾಸ್ತಿಯಾಗಿ 61 ಆಯಿತೋ, ಉದ್ದಕ್ಕೂ ಒಂದೇ ಸಾಲು ಇಡಬೇಕು, ಇಲ್ಲವೇ ಒಂದು ಚೀಲ ಹೊರಗೆ. 61 ಅವಿಭಾಜ್ಯ, 1 ಮತ್ತು 61 ಬಿಟ್ಟರೆ ಅದಕ್ಕೆ ಬೇರೆ ಅಪವರ್ತನವೇ ಇಲ್ಲ. 60ಕ್ಕೆ 12 ಇವೆ. ಇಷ್ಟು ಉಪಯೋಗದ ಸಂಖ್ಯೆಯನ್ನು ಹಿಂದಿನವರು ಹೊಗಳಿರಬೇಕು ಅಲ್ವಾ? ಇಲ್ಲ, ಬೈದಿದ್ದಾರೆ!

ಕ್ರಿ.ಶ. 100ರ ಸುಮಾರಿಗೆ, ಈಗ ಜೋರ್ಡಾನ್‌ನಲ್ಲಿರುವ ಗೆರಸದ ಗಣಿತಜ್ಞ ನಿಕೋಮೇಕಸ್ ಅಪವರ್ತನಗಳನ್ನು ಎಣಿಸುವ ಬದಲು ಕೂಡಿಸಿ ನೋಡಿದ. ಸಂಖ್ಯೆಯನ್ನೇ ಬಿಟ್ಟು ಉಳಿದವನ್ನು ಕೂಡಿಸಬೇಕು. 6ಕ್ಕೆ 1+2+3, ಮತ್ತೆ 6 ಬಂತು: ಅದು ಪರಿಪೂರ್ಣ. 8ಕ್ಕೆ ಬರುವುದು 7, ಅದು ಕೊರತೆಯದು. 60ಕ್ಕೆ 108 ಬರುತ್ತದೆ, ಅಂದರೆ ಅತಿಯಾದದ್ದು. ಇಂಥವು ಲೆಕ್ಕಕ್ಕಿಂತ ಜಾಸ್ತಿ ಬಾಯಿ, ಕೈ ಇರುವ ಪ್ರಾಣಿಗಳ ಹಾಗೆ ಅಂದುಬಿಟ್ಟ. ಪಾಪದ 60!

ಪರಿಪೂರ್ಣ ಸಂಖ್ಯೆ ಹುಟ್ಟಿಸುವ ದಾರಿ ಅವನಿಗಿಂತ ಮೊದಲೇ, ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ಕೊಟ್ಟಿದ್ದ. 1, 2, 4 ಹೀಗೆ ದುಪ್ಪಟ್ಟು ಮಾಡುತ್ತಾ ಕೂಡಿಸಿ, ಮೊತ್ತ ಅವಿಭಾಜ್ಯವಾದರೆ ಕೊನೆಯ ಸಂಖ್ಯೆಯಿಂದ ಗುಣಿಸಿ. 1+2+4 ಅಂದರೆ 7, ಅದನ್ನು 4ರಿಂದ ಗುಣಿಸಿದರೆ 28. ಆಮೇಲೆ 496, 8128. ಈ ನಾಲ್ಕನ್ನೇ ನೋಡಿ ನಿಕೋಮೇಕಸ್, ಇವು ಒಂದಂಕಿಯದು ಒಂದು, ಎರಡಂಕಿಯದು ಒಂದು, ಹೀಗೆ ಬರುತ್ತವೆ, ಕೊನೆಯಲ್ಲಿ 6, 8 ಸರದಿಯಲ್ಲಿ ಇರುತ್ತವೆ ಅಂದ. ಐದನೆಯದು 3,35,50,336, ಎಂಟು ಅಂಕಿಯದು. ಆರನೆಯದೂ 6ರಲ್ಲೇ ಮುಗಿಯುತ್ತದೆ. ಹೋಯಿತು ಸರದಿ.

ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಯೂಕ್ಲಿಡ್‌ನ ದಾರಿಯಲ್ಲೇ ಬರುತ್ತವೆ ಎಂದು 18ನೇ ಶತಮಾನದಲ್ಲಿ ಆಯ್ಲರ್ ಸಾಧಿಸಿದ. 2024ರಲ್ಲಿ, ಕಂಪ್ಯೂಟರ್‌ಗಳ ದೊಡ್ಡ ಹುಡುಕಾಟದಲ್ಲಿ 52ನೆಯದು ಸಿಕ್ಕಿತು. ಬೆಸದ್ದು ಮಾತ್ರ ಒಂದೂ ಸಿಕ್ಕಿಲ್ಲ, ಇಲ್ಲವೇ ಇಲ್ಲ ಎಂದೂ ಯಾರೂ ಸಾಧಿಸಿಲ್ಲ.

ನನ್ನ ಕೇಳಿದರೆ, ಮೊತ್ತದ ಈ ಹುಚ್ಚಿನಲ್ಲಿ ಎಣಿಕೆ ಮೂಲೆಗೆ ಬಿದ್ದಿತ್ತು. ಅದಕ್ಕೆ ಸರಿಯಾದ ಮರ್ಯಾದೆ ಕೊಟ್ಟವರು ಶ್ರೀನಿವಾಸ ರಾಮಾನುಜನ್. ತನಗಿಂತ ಚಿಕ್ಕ ಯಾವ ಸಂಖ್ಯೆಗೂ ಇಲ್ಲದಷ್ಟು ಅಪವರ್ತನ ಇರುವ ಸಂಖ್ಯೆಗಳ ಬಗ್ಗೆ 1915ರಲ್ಲಿ ಉದ್ದದ ಪ್ರಬಂಧವನ್ನೇ ಪ್ರಕಟಿಸಿದರು. 12, 24, 36, 48, ನಮ್ಮ 60, ಎಲ್ಲ ಆ ಸಾಲಿನವು. ಕೈಲೆಕ್ಕದಲ್ಲೇ 67,46,32,83,88,800ರವರೆಗೆ ಪಟ್ಟಿ ಮಾಡಿದರು, ಅದಕ್ಕೆ 10,080 ಅಪವರ್ತನಗಳು. ಅಷ್ಟು ಉದ್ದದ ಪಟ್ಟಿಯಲ್ಲಿ ಅವರ ಕಣ್ಣು ತಪ್ಪಿಸಿಕೊಂಡದ್ದು ಒಂದೇ ಒಂದು: 2,93,31,86,25,600.