ನರೇಗಾ ಹಣ ನಿಂತಾಗ: ಸೆಕ್ಷನ್ 27 ಓದುವುದು ಹೇಗೆ?

ನರೇಗಾ ಅಂದರೆ ನಮಗೆ ನೆನಪಾಗುವುದು ಕೃಷಿ ಹೊಂಡ, ಬದು, ಕೆರೆ ಹೂಳು. ಪರೀಕ್ಷೆಗೆ ಓದುವಾಗ ‘ವರ್ಷಕ್ಕೆ 100 ದಿನ ಕೆಲಸ’ ಅಂತ ಬರೆದುಕೊಂಡು ಮುಂದೆ ಹೋಗಿಬಿಡುತ್ತೇವೆ. ಆದರೆ ಹಣ ಬರುವುದೇ ನಿಂತರೆ ಆ ಹಕ್ಕು ಏನಾಗುತ್ತದೆ? ಪಶ್ಚಿಮ ಬಂಗಾಳದ ಪ್ರಕರಣವನ್ನು ಇದಕ್ಕಾಗಿಯೇ ಓದಬೇಕು.

ಮೊದಲು ಹಣದ ದಾರಿ ನೋಡೋಣ. 2005ರ ನರೇಗಾ ಕಾಯ್ದೆಯಲ್ಲಿ ಮಣ್ಣು ಅಗೆಯುವಂಥ ಕೆಲಸದ ಕೂಲಿ ಪೂರ್ತಿ ಕೇಂದ್ರದ್ದು. ಸಾಮಗ್ರಿ ಖರ್ಚಿನಲ್ಲಿ ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದು. ಹಾಗಾಗಿ ದೆಹಲಿಯಲ್ಲಿ ಹಣ ತಡೆದರೆ ಹಳ್ಳಿಯಲ್ಲಿ ಕೆಲಸವೇ ನಿಂತುಹೋಗುತ್ತದೆ.

2022ರ ಮಾರ್ಚ್‌ನಲ್ಲಿ ಆದದ್ದು ಇದೇ. ಬಂಗಾಳದಲ್ಲಿ ನರೇಗಾ ಹಣ ದುರುಪಯೋಗವಾಗಿದೆ ಎಂದು ಕೇಂದ್ರ ಸರ್ಕಾರ ಇದೇ ಕಾಯ್ದೆಯ ಸೆಕ್ಷನ್ 27ರ ಅಡಿ ಹಣ ನಿಲ್ಲಿಸಿತು. ಕೆಲಸ ಮುಗಿಸಿದವರ ಕೂಲಿಯೂ ಬಾಕಿ ಉಳಿಯಿತು. ಕೂಲಿ ಕಾರ್ಮಿಕರ ಸಂಘಟನೆ ‘ಪಶ್ಚಿಮ ಬಂಗ ಖೇತ್ ಮಜೂರ್ ಸಮಿತಿ’ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು.

ಈ ಹೆಸರನ್ನು ಎಲ್ಲೋ ಓದಿದ ಹಾಗಿದೆ ಅಲ್ವಾ? ತುರ್ತು ಚಿಕಿತ್ಸೆಯ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದೇ ಸಂಘಟನೆಯ ಹೆಸರಿನಲ್ಲಿದೆ. ‘ದುಡ್ಡಿಲ್ಲ’ ಎಂದು ಸರ್ಕಾರ ಜೀವದ ಹಕ್ಕಿನ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದು ಅಲ್ಲಿ ಹೇಳಿದೆ. ಅಲ್ಲಿ ಹಕ್ಕು ಬಂದದ್ದು ಸಂವಿಧಾನದ 21ನೇ ವಿಧಿಯಿಂದ. ನರೇಗಾದಲ್ಲಿ ಹಕ್ಕು ಕಾಯ್ದೆಯೊಳಗೇ ಇದೆ. ಕೂಲಿ 15 ದಿನದೊಳಗೆ ಕೊಡಬೇಕು. ತಡವಾದರೆ 16ನೇ ದಿನದಿಂದ ದಿನಕ್ಕೆ ಶೇ 0.05 ಪರಿಹಾರ. ಅಂದರೆ 2,000 ರೂಪಾಯಿ ಬಾಕಿಗೆ ದಿನಕ್ಕೆ 1 ರೂಪಾಯಿ. ತುಂಬಾ ಕಡಿಮೆ, ನಿಜ. ಆದರೆ ತಡ ಮಾಡಿದ್ದು ತಪ್ಪು ಎಂದು ಕಾಯ್ದೆಯೇ ಒಪ್ಪಿಕೊಂಡ ಹಾಗಾಯಿತು.

ಈಗ ಸೆಕ್ಷನ್ 27(2). ಇದನ್ನು ಪೂರ್ತಿ ಓದಿ, ಅರ್ಧಕ್ಕೆ ಬಿಡಬೇಡಿ. ದೂರು ಬಂದರೆ ಕೇಂದ್ರ ತನಿಖೆ ಮಾಡಿಸಬಹುದು. ಅಗತ್ಯವಿದ್ದರೆ ಹಣ ನಿಲ್ಲಿಸಬಹುದು. ಅದರ ಜೊತೆಗೇ, ತಪ್ಪನ್ನು ಸರಿಪಡಿಸುವ ಕ್ರಮವನ್ನು ಸೂಕ್ತ ಸಮಯದೊಳಗೆ ತೆಗೆದುಕೊಳ್ಳಬೇಕು. ಇಡೀ ವ್ಯಾಜ್ಯ ನಿಂತಿರುವುದು ಈ ಕೊನೆಯ ಮಾತಿನ ಮೇಲೆ ಎಂದು ನನಗನ್ನಿಸುತ್ತದೆ. ಹಣ ನಿಲ್ಲಿಸುವುದು ರಿಪೇರಿಗಾಗಿ, ಶಿಕ್ಷೆಗಾಗಿ ಅಲ್ಲ. ಸುಳ್ಳು ಹಾಜರಿ ಬರೆದವರು ಯಾರೋ, ಬೆವರು ಸುರಿಸಿ ಖಾಲಿ ಕೈಯಲ್ಲಿ ನಿಂತವರು ಯಾರೋ.

2025ರ ಜೂನ್ 18ರಂದು ಹೈಕೋರ್ಟ್ ಆದೇಶ ಬಂತು. ತನಿಖೆ ಮುಂದುವರಿಯಲಿ, ಬೇರೆ ರಾಜ್ಯಗಳಿಗಿಲ್ಲದ ವಿಶೇಷ ಷರತ್ತುಗಳನ್ನೂ ಹಾಕಿ. ಆದರೆ ಯೋಜನೆಯನ್ನು ಕೊನೆಯಿಲ್ಲದೆ ಮೂಲೆಗಿಡಲು ಕಾಯ್ದೆಯಲ್ಲಿ ಅವಕಾಶವಿಲ್ಲ, ಆಗಸ್ಟ್ 1ರಿಂದ ಮತ್ತೆ ಶುರು ಮಾಡಿ ಎಂದಿತು. ಕೇಂದ್ರದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ಅಕ್ಟೋಬರ್ 27ರಂದು ವಜಾ ಮಾಡಿತು.

ಉತ್ತರ ಬರೆಯುವಾಗ ಒಂದು ಅಂಶ ಬಿಡಬೇಡಿ. ಆಗಸ್ಟ್ 1ರಿಂದ ಶುರು ಮಾಡಿ ಎಂಬ ಆದೇಶ ಮುಂದಿನ ದಿನಗಳಿಗೆ ಮಾತ್ರ. ಕೆಲಸ ಕೇಳಿದ 15 ದಿನದಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎನ್ನುತ್ತದೆ ಸೆಕ್ಷನ್ 7, ಅದೂ ರಾಜ್ಯದ ಖಜಾನೆಯಿಂದ. ಮೂರು ವರ್ಷಕ್ಕೂ ಜಾಸ್ತಿ ಕಾಲ ಕೆಲಸವೇ ಸಿಗದವರ ಕಳೆದ ದಿನಗಳನ್ನು ಆ ಆದೇಶ ತುಂಬಿಕೊಡುವುದಿಲ್ಲ.